ಬೆರಳು ತಾಗಿದರೆ ಬೆಳಗುವ ದೀಪ

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಮ್ಮ ಸಭೆಗಳಲ್ಲಿ ವಿಜ್ಞಾನದ ಮಾತು ಬಂದಾಗ ಅಲ್ ಜಝರಿಯವರ ಹೆಸರು ಬರುವುದು ವಾಡಿಕೆ. 1206ರಲ್ಲಿ ಪೂರ್ಣಗೊಂಡ ಅವರ ಯಂತ್ರಗಳ ಗ್ರಂಥದಲ್ಲಿ, ದೊರೆಯ ವುಝೂಗಾಗಿ ನೀರು ಸುರಿಯುವ ಒಂದು ಯಂತ್ರದ ವಿವರಣೆಯೂ ಇದೆ. ಹೆಸರು ಹೇಳಿ ಅಭಿಮಾನ ಪಡುವುದು ಸುಲಭ. ಆದರೆ ಅವರು ಅಳತೆ, ಜೋಡಣೆ ಎಲ್ಲವನ್ನೂ ಬಿಡಿಸಿ ಬರೆದದ್ದು, ಓದಿದವರು ತಾವೂ ಮಾಡಿ ನೋಡುವಂತಾಗಲಿ ಎಂದು. ಹಾಗಾಗಿ ಇಂದು ನಾನು ಇತಿಹಾಸ ಹೇಳುವುದಿಲ್ಲ. ಬೆರಳು ತಾಗಿಸಿದರೆ ದೀಪ ಉರಿಯುವ ಒಂದು ಸಣ್ಣ ಸ್ವಿಚ್ಚನ್ನು ಮಾಡುವ ಬಗೆ ಹೇಳುತ್ತೇನೆ.

ಒಂದು ಕರಾರಿದೆ. ಇದು 9 ವೋಲ್ಟಿನ ಬ್ಯಾಟರಿಯಲ್ಲಿ ಮಾತ್ರ. ಮನೆಯ 230 ವೋಲ್ಟ್ ಕರೆಂಟಿಗೆ ಇದನ್ನು ಜೋಡಿಸಕೂಡದು. ಏಕೆ ಎಂಬುದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ಮುಖ್ಯ ಭಾಗವೇ ಅದು.

ಬೇಕಾದ ವಸ್ತುಗಳು ಕೆಲವೇ. ಬಿಸಿ 547 ಎಂಬ ಟ್ರಾನ್ಸಿಸ್ಟರ್ ಎರಡು, ಒಂದು ಕೆಂಪು ಎಲ್‌ಇಡಿ, 470 ಓಮ್ ಮತ್ತು 1 ಲಕ್ಷ ಓಮ್ ರೆಸಿಸ್ಟರ್ ಒಂದೊಂದು, ಎರಡು ಡ್ರಾಯಿಂಗ್ ಪಿನ್, ಸ್ವಲ್ಪ ವಯರು. ಬ್ರೆಡ್‌ಬೋರ್ಡ್ ಇದ್ದರೆ ಬೆಸುಗೆಯೂ ಬೇಡ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿರುವಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಮೊದಲ ಸಲ ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಕಾಗದದಲ್ಲಿ ಚಿತ್ರ ಬರೆದುಕೊಂಡು ಆಮೇಲೆ ಚುಚ್ಚಿ.

ಬ್ಯಾಟರಿಯ ಧನ ತುದಿಯಿಂದ 470 ಓಮ್ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು. ಎಲ್‌ಇಡಿಯ ಗಿಡ್ಡ ಕಾಲಿಗೆ ಎರಡೂ ಟ್ರಾನ್ಸಿಸ್ಟರುಗಳ ಕಲೆಕ್ಟರುಗಳನ್ನು ಸೇರಿಸಿ. ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸಿಗೆ ಕೊಡಿ. ಎರಡನೆಯದರ ಎಮಿಟರ್ ಬ್ಯಾಟರಿಯ ಋಣ ತುದಿಗೆ. ಈಗ ಉಳಿದದ್ದು ಮೊದಲನೆಯದರ ಬೇಸ್. ಅದರಿಂದ ಒಂದು ವಯರನ್ನು ಒಂದು ಡ್ರಾಯಿಂಗ್ ಪಿನ್ನಿಗೆ ಎಳೆಯಿರಿ. ಇನ್ನೊಂದು ಪಿನ್ನನ್ನು 1 ಲಕ್ಷ ಓಮ್ ರೆಸಿಸ್ಟರಿನ ಮೂಲಕ ಧನ ತುದಿಗೆ ಜೋಡಿಸಿ. ಎರಡು ಪಿನ್ನುಗಳೂ ರಟ್ಟಿನ ಮೇಲೆ ಹತ್ತಿರ ಹತ್ತಿರ ಇರಲಿ, ಆದರೆ ಒಂದಕ್ಕೊಂದು ತಾಗದಿರಲಿ. ಒಂದು ಬೆರಳನ್ನು ಎರಡರ ಮೇಲೂ ಇಡಿ. ದೀಪ ಉರಿಯುತ್ತದೆ. ಬೆರಳು ತೆಗೆದರೆ ಆರುತ್ತದೆ.

ಇದರಲ್ಲಿ ನಡೆಯುವುದೇನು? ಒಣ ಬೆರಳಿನ ರೋಧ ಸುಮಾರು 10 ಲಕ್ಷ ಓಮ್ ಎಂದಿಟ್ಟುಕೊಳ್ಳಿ. ಆಗ ಬೆರಳಿನ ಮೂಲಕ ಹರಿಯುವುದು ಒಂದು ಆಂಪಿಯರಿನ ಹತ್ತು ಲಕ್ಷ ಪಾಲಿನಲ್ಲಿ ಏಳು ಪಾಲು. ನಿಮಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಟ್ರಾನ್ಸಿಸ್ಟರ್ ಅದನ್ನು ನೂರು ಪಟ್ಟು ಹೆಚ್ಚಿಸಿದರೆ, ಎರಡನೆಯದು ಮತ್ತೆ ನೂರು ಪಟ್ಟು. ಹತ್ತು ಸಾವಿರ ಪಟ್ಟಾಯಿತು. ಎಲ್‌ಇಡಿಗೆ ಅಷ್ಟು ಬೇಕಿಲ್ಲ, ಅದನ್ನು ಸುಮಾರು 13 ಮಿಲಿ ಆಂಪಿಯರಿಗೆ ತಡೆಯುವುದು 470 ಓಮ್ ರೆಸಿಸ್ಟರಿನ ಕೆಲಸ. ಅದನ್ನು ಬಿಟ್ಟರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಬೆರಳು ತೆಗೆದ ಮೇಲೂ ಸ್ವಲ್ಪ ಹೊತ್ತು ಉರಿಯಬೇಕೆಂದರೆ 555 ಎಂಬ ಟೈಮರ್ ಐಸಿ ಬಳಸಬಹುದು. 10 ಲಕ್ಷ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಮಾರು 11 ಸೆಕೆಂಡ್ ಉರಿದು ತಾನೇ ಆರುತ್ತದೆ. ಅದನ್ನು ಮೊದಲನೆಯದು ಕೈಗೆ ಹತ್ತಿದ ಮೇಲೆ ಮಾಡಿ.

ಇನ್ನು ಕರಾರಿನ ವಿಷಯ. ಇದು ಉರಿದ ಕೂಡಲೇ ಮನಸ್ಸಿಗೆ ಬರುವ ಆಲೋಚನೆ, ಕೋಣೆಯ ಬಲ್ಬನ್ನೇ ಹೀಗೆ ಉರಿಸೋಣ ಎಂಬುದು. ಅದಕ್ಕೆ ನಕ್ಷೆಗಳೂ ಸಿಗುತ್ತವೆ. ಅವುಗಳಲ್ಲಿ ಹಲವು ಖರ್ಚು ಉಳಿಸಲು ಟ್ರಾನ್ಸ್‌ಫಾರ್ಮರ್ ಬಿಟ್ಟು, ಒಂದು ಕೆಪಾಸಿಟರಿನ ಮೂಲಕ ಮೇನ್ ಲೈನಿನಿಂದಲೇ ಕಡಿಮೆ ವೋಲ್ಟೇಜು ಪಡೆಯುತ್ತವೆ. ಹೇಳುವುದಕ್ಕೆ 9 ವೋಲ್ಟು, ಆದರೆ ಸರ್ಕ್ಯೂಟಿನ ಒಂದು ತುದಿ ನೇರವಾಗಿ ಮೇನ್ ಲೈನಿಗೇ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಆ ತುದಿಗೆ ಫೇಸ್ ಬರುತ್ತದೆ. ನಿಮ್ಮ ಬೆರಳಿಗೂ ಫೇಸಿಗೂ ನಡುವೆ ಇರುವುದು ಆಗ ಒಂದೋ ಎರಡೋ ರೆಸಿಸ್ಟರ್. ಒಂದು ಹನಿ ಸೀಸ ತಪ್ಪಿ ಬಿದ್ದು ಅದನ್ನು ದಾಟಿದರೆ ಮುಗಿಯಿತು.

ವುಝೂ ಮಾಡಿ ಬಂದ ಒದ್ದೆ ಕೈಯನ್ನು ನೆನಪಿಸಿಕೊಳ್ಳಿ, ಬರಿಗಾಲನ್ನೂ ನೆನಪಿಸಿಕೊಳ್ಳಿ. ಒದ್ದೆಯಾದ ಮೈಯ ರೋಧ 1000 ಓಮಿನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟನ್ನು ಅದರಿಂದ ಭಾಗಿಸಿದರೆ 230 ಮಿಲಿ ಆಂಪಿಯರ್. ಜೀವರಕ್ಷಣೆಗಾಗಿ ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರಿಗೇ ಲೈನು ಕಡಿಯಬೇಕೆಂದು ಮಾಡಿದ್ದು. ಡ್ರಾಯಿಂಗ್ ಪಿನ್ನಿನಲ್ಲಿ ಹರಿದದ್ದಕ್ಕೆ ಹೋಲಿಸಿದರೆ ಇದು ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಲೆಕ್ಕ ಹೈಸ್ಕೂಲಿನ ಓಮನ ನಿಯಮದ್ದೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಲ್ಲ, ಅದೇ.

ಹಾಗಾದರೆ ಅಂಗಡಿಯಲ್ಲಿ ಸಿಗುವ ಟಚ್ ಸ್ವಿಚ್ಚು? ಅಲ್ಲಿ ನೀವು ಮುಟ್ಟುವುದು ಗಾಜನ್ನು, ಲೋಹವನ್ನಲ್ಲ. ಗಾಜಿನ ಆಚೆಗೆ ಬೆರಳು ಬಂದದ್ದನ್ನು ಅದು ಕೆಪಾಸಿಟನ್ಸಿನ ವ್ಯತ್ಯಾಸದಿಂದ ತಿಳಿಯುತ್ತದೆ. ಆದರೂ ಒಂದು ಮಾತು: ಇಂತಹ ಸ್ವಿಚ್ಚು ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಶಾಕ್ ಕೊಡುವಷ್ಟು ವೋಲ್ಟೇಜು ಇರಬಹುದು. ಬಲ್ಬ್ ಬದಲಿಸುವಾಗ ಮೇನ್ ಸ್ವಿಚ್ಚನ್ನೇ ತೆಗೆಯಬೇಕು.

ಇಲ್ಲಿರುವ ಅಧ್ಯಾಪಕರಲ್ಲಿ ಒಂದು ವಿನಂತಿ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ದೊಡ್ಡ ಬಲ್ಬು ಉರಿಸಿದ ಮಾದರಿಗೆ ಜನ ಸೇರುತ್ತಾರೆ, ತೀರ್ಪುಗಾರರೂ ಅತ್ತಲೇ ನೋಡುತ್ತಾರೆ. ಮೇಜಿನ ಕೆಳಗೆ ಬರಿಯ ವಯರನ್ನು ಪ್ಲಗ್ಗಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಮುಂದಿನ ವರ್ಷದಿಂದ ನಮ್ಮ ಸಂಘದ ಪ್ರದರ್ಶನಕ್ಕೆ ಮೇನ್ ಕರೆಂಟಿನ ಮಾದರಿಗಳನ್ನು ಸ್ವೀಕರಿಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಂಕಗಳನ್ನು ಬೆಳಕಿಗಲ್ಲ, ತಾನು ಮಾಡಿದ್ದನ್ನು ವಿವರಿಸುವ ಮಗುವಿನ ಮಾತಿಗೆ ಕೊಡೋಣ.

ಹಿಂದಿನ ಮೇಜಿನ ಮೇಲೆ ಹತ್ತು ಜೊತೆ ಸಾಮಾನು ಇಟ್ಟಿದ್ದೇವೆ. ಅಸರ್ ನಮಾಝ್ ಮುಗಿಸಿ ಇಬ್ಬಿಬ್ಬರಾಗಿ ಬನ್ನಿ. ಬ್ಯಾಟರಿಯನ್ನು ಕೊನೆಯಲ್ಲಿ ಜೋಡಿಸಬೇಕು. ಅದಕ್ಕೆ ಮೊದಲು ನಿಮ್ಮ ಜೋಡಣೆಯನ್ನು ಜೊತೆಗಾರರು ಚಿತ್ರದೊಂದಿಗೆ ಒಮ್ಮೆ ಹೋಲಿಸಿ ನೋಡಲಿ.