ಮಂದೆಗೆ ಮೊದಲು ಮೇವು

ನಲ್ಲೂರಿನ ಬಂಧುಗಳೇ,

ಕುರಿ ಸಾಕಲಿಚ್ಛಿಸುವವರು ಮೊದಲು ಎಣಿಸಬೇಕಾದುದು ಮೇವನ್ನು. ಬೇಸಿಗೆಯಲ್ಲಿ ಎಷ್ಟು ಕುರಿಗಳಿಗೆ ಮೇವು ದೊರೆಯುವುದೋ ಅಷ್ಟೇ ನಿಮ್ಮ ಮಂದೆ. 25 ಹೆಣ್ಣುಕುರಿಗಳಿಗೆ ಒಂದು ಟಗರು ಸಾಕು. ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ರಕ್ತಸಂಬಂಧದ ಕೂಡಿಕೆ ತಪ್ಪುತ್ತದೆ. ಗರ್ಭಾವಧಿ ಐದು ತಿಂಗಳು. ಆಷಾಢದಲ್ಲಿ ಗಬ್ಬವಾದ ಕುರಿ ರಾಗಿ ಕೊಯ್ಲಿನ ನಂತರದ ಕೂಳೆಮೇವಿನ ಕಾಲಕ್ಕೆ ಈಯುತ್ತದೆ. ಹೊಸದಾಗಿ ಕೊಂಡವನ್ನು ಮೂರು ವಾರ ಬೇರೆಯಿರಿಸಿರಿ. ಕರುಳುಬೇನೆಯ ಲಸಿಕೆಯನ್ನು ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹಾಕಿಸಿರಿ.

ಇಲ್ಲಿನ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಮುದಿಮರಗಳಿಗೆ ಕುರಿಯ ಭಯವಿಲ್ಲ. ಎಳೆಯ ಸಸಿ ಮಾತ್ರ ಒಂದೇ ಬಾಯಿಗೆ ತೀರುತ್ತದೆ. ಮಂದೆ ಮೇವನ್ನು ಮೀರಿದ ದಿನ ಅದು ತೋಪಿನತ್ತಲೇ ತಿರುಗೀತು. ಆದುದರಿಂದ ಬದುಗಳಲ್ಲಿ ಅಗಸೆ, ಹಾಲುವಾಣಗಳನ್ನು ಈ ಮಳೆಗಾಲದಲ್ಲೇ ನೆಡಿರಿ. ಕುರಿಗಳನ್ನು ಆಮೇಲೆ ಕೊಳ್ಳಿರಿ.