ಯುವಕರ ವೃತ್ತಿಯೂ ಹಿರಿಯರ ಹೊಣೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ನಾಲ್ಕನೆಯ ದಿನ ಯುವಜನ ಸಭೆಯಲ್ಲಿ ಮಾಡಿದ ಭಾಷಣ)

  

ನಾನು ವಿದ್ವಾಂಸನಲ್ಲ. ಹತ್ತನೆಯ ತರಗತಿ ಮುಗಿಸಿ ತಂದೆಯವರ ಜವಳಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಇಂದಿಗೂ ಅಲ್ಲಿಯೇ ಇದ್ದೇನೆ. ಶಾಸ್ತ್ರವನ್ನು ಬೋಧಿಸುವ ಅಧಿಕಾರ ನನಗಿಲ್ಲ. ಅನುಭವಕ್ಕೆ ಬಂದುದನ್ನು ಮಾತ್ರ ತಮ್ಮ ಮುಂದೆ ನಿವೇದಿಸುತ್ತೇನೆ.

ನಿನ್ನೆ ಇದೇ ಚಪ್ಪರದಲ್ಲಿ ದೀಕ್ಷಾಕಲ್ಯಾಣ ನೆರವೇರಿತು. ರಾಜವೈಭವವನ್ನು ತೃಣದಂತೆ ತೊರೆದು ಭಗವಂತರು ವನಕ್ಕೆ ತೆರಳುವುದನ್ನು ಕಂಡು ನಮ್ಮೆಲ್ಲರ ಕಣ್ಣುಗಳೂ ತೇವಗೊಂಡವು. ಆದರೆ ನಮ್ಮ ಮನೆಯ ಮಗನೊಬ್ಬ, ವೈರಾಗ್ಯದ ಮಾತು ಹಾಗಿರಲಿ, ಕಡಿಮೆ ಸಂಬಳದ ಕೆಲಸವೊಂದನ್ನು ಮನಸಾರೆ ಆರಿಸಿಕೊಳ್ಳುತ್ತೇನೆಂದರೆ ನಮ್ಮ ಮುಖ ಹೇಗಾಗುತ್ತದೆ? ಈ ಪ್ರಶ್ನೆ ನನ್ನ ಮನೆಯಲ್ಲಿಯೇ ಎದ್ದಿತು.

ನನ್ನ ಎರಡನೆಯ ಮಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಉದ್ಯೋಗದಲ್ಲಿದ್ದನು. ಎರಡು ವರ್ಷಗಳಾದ ಮೇಲೆ ಅದನ್ನು ಬಿಟ್ಟು ಪ್ರಾಕೃತವನ್ನೂ ಹಳಗನ್ನಡವನ್ನೂ ಓದುವುದಾಗಿ ತಿಳಿಸಿದನು. "ಆ ಓದಿನಿಂದ ಉಪ್ಪಿನ ಖರ್ಚಾದರೂ ಹುಟ್ಟೀತೆ?" ಎಂದು ನಾನು ಕೇಳಿದೆ. ಅವನು ಹೇಳಿದ್ದಿಷ್ಟು: "ಅಪ್ಪಾ, ಮುತ್ತಜ್ಜನ ಪೆಟ್ಟಿಗೆಯಲ್ಲಿರುವ ಓಲೆಗರಿಯ ಕಟ್ಟುಗಳನ್ನು ಪ್ರತಿವರ್ಷ ಶ್ರುತಪಂಚಮಿಯ ದಿನ ಹೊರಗಿಟ್ಟು ಪೂಜಿಸುತ್ತೀರಿ. ಅವುಗಳಲ್ಲಿ ಏನು ಬರೆದಿದೆಯೆಂದು ತಮಗೆ ಗೊತ್ತೆ?" ನನಗೆ ಗೊತ್ತಿರಲಿಲ್ಲ. ಆ ಲಜ್ಜೆಯೇ ಕೋಪವಾಗಿ, ಎಂಟು ತಿಂಗಳು ಮಗನೊಡನೆ ನೆಟ್ಟಗೆ ಮಾತನಾಡಲಿಲ್ಲ.

ಬಂಧುಗಳೆ, ಇಂತಹ ಮಗ ನಮ್ಮ ಸಮಾಜಕ್ಕೆ ಹೊಸಬನಲ್ಲ. ಸಾವಿರ ವರ್ಷಗಳ ಹಿಂದೆ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಕುಲದಲ್ಲಿ ಜನಿಸಿದ ರನ್ನನು ಕುಲದ ವ್ಯಾಪಾರವನ್ನು ಬಿಟ್ಟು ವಿದ್ಯೆಯನ್ನು ಅರಸಿ ಹೊರಟನು. ಅಜಿತಸೇನಾಚಾರ್ಯರ ಶಿಷ್ಯನಾಗಿ, 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಅವನ ಬೆನ್ನಿಗೆ ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ನಿಂತರೆಂಬುದನ್ನು ನಾವು ಮರೆಯಬಾರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಮಹಾತಾಯಿ ಅವಳು. ಆಶ್ರಯವಿಲ್ಲದಿದ್ದರೆ ಆ ಪ್ರತಿಭೆ ಬಳೆಯ ಮಲಾರದಲ್ಲಿಯೇ ಉಳಿಯುತ್ತಿತ್ತೋ ಏನೋ!

ಸಮೀಪಕಾಲದ ನಿದರ್ಶನ ಬೇಕಾದರೆ ಡಾ. ಆ. ನೇ. ಉಪಾಧ್ಯೆಯವರನ್ನು ಸ್ಮರಿಸೋಣ. ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಆ ಭಾಷೆಯನ್ನು ಕಲಿತವನಿಗೆ ಸಂಪತ್ತು ಕೈಗೂಡುವ ಕಾಲ ಅದಾಗಿರಲಿಲ್ಲ. ಆದರೂ 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿ ಜಗತ್ತಿನ ವಿದ್ವಾಂಸರ ಮುಂದಿಟ್ಟರು. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದ ಧವಲಾ ಗ್ರಂಥವು 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 16 ಸಂಪುಟಗಳಾಗಿ ಹೊರಬಂದುದೂ ಇಂತಹವರ ಪರಿಶ್ರಮದಿಂದಲೇ. ಆ ಕಾಲದಲ್ಲಿ ಅವರಿಗಿಂತ ಹೆಚ್ಚು ಗಳಿಸಿದ ವರ್ತಕರು ಎಷ್ಟೋ ಮಂದಿ ಇದ್ದಿರಬೇಕು. ಅವರ ಹೆಸರನ್ನು ಇಂದು ಯಾರು ಬಲ್ಲರು?

ನಾನು ಹಣವನ್ನು ಹಳಿಯಲು ನಿಂತಿಲ್ಲ. ಈ ಬಸದಿಯ ಒಂದೊಂದು ಕಲ್ಲೂ ಯಾರದೋ ಗಳಿಕೆಯಿಂದ ಬಂದಿದೆ. ವ್ಯಾಪಾರದಲ್ಲಿ ಮನಸ್ಸುಳ್ಳವನು ಅವಶ್ಯವಾಗಿ ವ್ಯಾಪಾರವನ್ನೇ ಮಾಡಲಿ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಧನ ಗಳಿಸುವುದನ್ನೇ ಮೊದಲು ಇರಿಸಿದ್ದಾರೆ. ಅದರೊಡನೆ ಶ್ರಾವಕನಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತವೂ ಇದೆ. ನನಗೆ ದಾರಿ ತೋರಿದ್ದು ಆ ವ್ರತವೇ.

ಎಂಟು ತಿಂಗಳ ಮೌನದ ಬಳಿಕ ಒಂದು ರಾತ್ರಿ, ಅಂಗಡಿಯ ಬಾಗಿಲು ಹಾಕಿದ ಮೇಲೆ, ನಾವಿಬ್ಬರೂ ಲೆಕ್ಕದ ಪುಸ್ತಕ ತೆರೆದು ಕುಳಿತೆವು. ಮನೆ ಬಾಡಿಗೆ, ದಿನಸಿ, ಔಷಧೋಪಚಾರ, ಮುಂದೆ ಮಕ್ಕಳ ವಿದ್ಯಾಭ್ಯಾಸ, ದಾನಧರ್ಮ ಎಲ್ಲವನ್ನೂ ಬರೆದು, ಕೆಳಗೆ "ಇಷ್ಟು ಸಾಕು" ಎಂಬ ಅಂಕಿಯನ್ನು ಕೂಡಿಸಿದೆವು. ಅದು ನಾನು ಹೆದರಿದ್ದಕ್ಕಿಂತ ಬಹಳ ಚಿಕ್ಕದಾಗಿತ್ತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಲೆಕ್ಕ ಬರೆದ ನಾನು ಆ ಒಂದು ಮೊತ್ತವನ್ನು ಎಂದೂ ಕೂಡಿಸಿರಲಿಲ್ಲ.

ಇಂದು ಅವನು ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಅಣ್ಣನ ಗಳಿಕೆಯ ಮೂರನೆಯ ಒಂದು ಪಾಲೂ ಅವನಿಗಿಲ್ಲ. ಹೆಣ್ಣು ಕೇಳಲು ಹೋದ ಎರಡು ಮನೆಗಳಲ್ಲಿ ಸಂಬಳ ವಿಚಾರಿಸಿ ಮಾತು ನಿಲ್ಲಿಸಿದರು. ಆ ನೋವು ನನಗಿದೆ, ಮರೆಮಾಚುವುದಿಲ್ಲ. ಆದರೆ ಮುತ್ತಜ್ಜನ ಪೆಟ್ಟಿಗೆಯನ್ನು ಅವನು ತೆರೆದು ಓದಿದನು. ಒಂದು ಕಟ್ಟು ತತ್ತ್ವಾರ್ಥಸೂತ್ರದ ಕನ್ನಡ ಟೀಕೆ. ಇನ್ನೊಂದನ್ನು ಹುಳು ತಿಂದು ಮುಗಿಸಿತ್ತು. ಅದು ಯಾವ ಗ್ರಂಥವೆಂದು ಇನ್ನು ಯಾರೂ ತಿಳಿಯುವಂತಿಲ್ಲ. ನಾವು ಹೂವೇರಿಸಿ ಕೈಮುಗಿಯುತ್ತಿದ್ದಾಗಲೇ ಒಳಗೆ ಹುಳು ತಿನ್ನುತ್ತಿತ್ತು.

ಆದುದರಿಂದ ಕೆಲವು ವಿನಂತಿಗಳು. ಯುವಮಿತ್ರರೆ, ಕೆಲಸ ಆರಿಸುವ ಮೊದಲು ನಿಮ್ಮ ಪರಿಮಾಣವನ್ನು ಬರೆದಿಡಿರಿ. ಸಾಕೆಂಬುದು ತಿಳಿದವನಿಗೆ ಆಯ್ಕೆಯ ಸ್ವಾತಂತ್ರ್ಯ ದೊರೆಯುತ್ತದೆ. ತಂದೆತಾಯಿಗಳೆ, ವರನ ಸಂಬಳವನ್ನು ಕೇಳುವ ಬಾಯಿಂದಲೇ ಅವನ ಕೆಲಸದಿಂದ ಯಾರಿಗೆ ಉಪಕಾರವೆಂದೂ ಕೇಳಿರಿ. ಸಮಾಜದ ಹಿರಿಯರೆ, ಅತ್ತಿಮಬ್ಬೆಯ ಹೆಸರನ್ನು ಹೇಳುವ ನಾವು ಅವಳ ಕಾರ್ಯದಲ್ಲಿ ಅಲ್ಪಭಾಗವನ್ನಾದರೂ ಮಾಡೋಣ.

ಈ ಮಹೋತ್ಸವದಲ್ಲಿ ಇಂದ್ರನ ಪಾತ್ರಕ್ಕಾಗಿ ನಾನು ಸವಾಲು ಕೂಗಿದ್ದು ತಮಗೆಲ್ಲ ತಿಳಿದಿದೆ. ಅಷ್ಟೇ ಮೊತ್ತವನ್ನು, ಕಡಿಮೆ ಗಳಿಕೆಯ ವಿದ್ಯೆಯನ್ನು ಆರಿಸಿಕೊಳ್ಳುವ ಮಕ್ಕಳ ವಿದ್ಯಾರ್ಥಿವೇತನಕ್ಕಾಗಿ ಇಂದು ಸಮಿತಿಗೆ ಒಪ್ಪಿಸುತ್ತಿದ್ದೇನೆ. ಇಂದ್ರನ ಕಿರೀಟವನ್ನು ನಾಳೆ ಸಂಜೆ ಇಳಿಸಬೇಕು. ಈ ಕಾರ್ಯವು ಮುಂದುವರಿಯಲೆಂದು ಪ್ರಾರ್ಥಿಸಿ, ತಪ್ಪಿದ್ದರೆ ಕ್ಷಮೆ ಬೇಡಿ ವಿರಮಿಸುತ್ತೇನೆ.

ಜೈ ಜಿನೇಂದ್ರ.