‘ಐ ಆಮ್ ನಾಟ್ ಲಿಸನಿಂಗ್’ ಅಂದೆ, ಫೋನ್ ಕಟ್ ಆಯ್ತು



ನಾನು ಕೆಜಿಎಫ್ ಕಡೆಯವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನಮ್ಮ ಕಡೆ ಕೆಲಸ ಅಂದ್ರೆ ಬೆಂಗಳೂರು. ಮಾರಿಕುಪ್ಪಂನಲ್ಲಿ ಟ್ರೈನ್ ಹತ್ತಬೇಕು, ಬಂಗಾರಪೇಟೆ ದಾಟಿ ಹೋಗಬೇಕು. ನನ್ನ ಮೊದಲನೇ ಫೋನ್ ಇಂಟರ್‌ವ್ಯೂ ನಡೆದದ್ದೂ ಬಂಗಾರಪೇಟೆ ಪ್ಲಾಟ್‌ಫಾರ್ಮಲ್ಲೇ. ಒಂದೇ ಗಲಾಟೆ, ಆ ಕಡೆಯವರ ಮಾತು ಕೇಳಿಸ್ತಿಲ್ಲ. ‘ಮೇಡಂ, ಐ ಆಮ್ ನಾಟ್ ಲಿಸನಿಂಗ್ ಟು ಯು’ ಅಂದೆ. ಎರಡು ಸಲ ಅಂದೆ! ಅಂದ್ರೆ ಏನರ್ಥ? ‘ನಿಮ್ಮ ಮಾತಿಗೆ ನಾನು ಗಮನ ಕೊಡ್ತಾ ಇಲ್ಲ’ ಅಂತ. ಫೋನ್ ಕಟ್ ಆಯ್ತು, ಮತ್ತೆ ಬರಲಿಲ್ಲ.

ತಪ್ಪು ಎಲ್ಲಾಯ್ತು ನೋಡಿ. ನಮಗೆ ‘ಕೇಳು’ ಅನ್ನೋದು ಒಂದೇ ಪದ. ದಾರಿ ಕೇಳ್ತೀವಿ, ಹಾಡೂ ಕೇಳ್ತೀವಿ. ಇಂಗ್ಲಿಷಲ್ಲಿ ದಾರಿಗೆ ಆಸ್ಕ್, ಹಾಡಿಗೆ ಲಿಸನ್. ರಾಬರ್ಟ್‌ಸನ್‌ಪೇಟೆಯಲ್ಲಿ ತಮಿಳು ಮಾತಾಡೋ ನನ್ನ ಫ್ರೆಂಡ್ಸ್‌ಗೂ ಇದೇ ಪಾಡು, ತಮಿಳಲ್ಲೂ ಎರಡಕ್ಕೂ ಒಂದೇ ಪದ. ತೆಲುಗಿನವರು ಬಚಾವ್, ಅವರಿಗೆ ಬೇರೆ ಬೇರೆ ಇದೆ.

ಆದ್ರೆ ಹಿಯರ್ ಮತ್ತು ಲಿಸನ್ ವಿಷಯದಲ್ಲಿ ಕನ್ನಡವೇ ನಮ್ಮ ಕೈ ಹಿಡಿಯುತ್ತೆ. ‘ಕೇಳಿಸ್ತು’ ಅಂತ ಬಂದ್ರೆ ಹಿಯರ್. ಸದ್ದು ತಾನಾಗೇ ಕಿವಿಗೆ ಬಿತ್ತು. ‘ಕೇಳಿದೆ’ ಅಂದ್ರೆ ಲಿಸನ್. ಬೇಕೂಂತ ಕಿವಿ ಕೊಟ್ಟೆ. ಹಾಗಾಗಿ ನಾನು ಹೇಳಬೇಕಿದ್ದದ್ದು ‘ಐ ಕಾಂಟ್ ಹಿಯರ್ ಯು’. ಕಣ್ಣಿಗೂ ಇದೇ ಲೆಕ್ಕ: ‘ಕಾಣಿಸ್ತು’ ಅಂದ್ರೆ ಸೀ, ‘ನೋಡಿದೆ’ ಅಂದ್ರೆ ಲುಕ್. ಸಿನಿಮಾ, ಮ್ಯಾಚ್ ಆದ್ರೆ ವಾಚ್.

ಇನ್ನೊಂದು, ‘ಸಾಲ’. ನಾವು ಸಾಲ ತಗೋತೀವಿ, ಸಾಲ ಕೊಡ್ತೀವಿ. ತಗೊಳ್ಳೋದು ಬಾರೋ, ಕೊಡೋದು ಲೆಂಡ್. ‘ಬಾರೋ ಮಿ ಎ ಪೆನ್’ ಅನ್ನಬೇಡಿ. ‘ಲೆಂಡ್ ಮಿ ಎ ಪೆನ್’ ಅನ್ನಿ, ಇಲ್ಲಾ ‘ಮೇ ಐ ಬಾರೋ ಯುವರ್ ಪೆನ್’ ಅನ್ನಿ.

ಕಿವಿಯಲ್ಲಿ ಹಿಡಿಯೋಕೇ ಆಗದ ಜೋಡಿಗಳೂ ಇವೆ. ನಮ್ಮ ಊರಿನ ಮಕ್ಕಳು ಫಾರಂನಲ್ಲಿ ತಾತನ ಕೆಲಸ ‘ಮೈನರ್’ ಅಂತ ತುಂಬ್ತಾರೆ. ಸ್ಪೆಲ್ಲಿಂಗಲ್ಲಿ ‘ಓ’ ಬಿತ್ತೋ, ತಾತ ಹದಿನೆಂಟು ತುಂಬದ ಹುಡುಗ ಆಗ್ಬಿಡ್ತಾರೆ! ಗಣಿಯ ಸ್ಪೆಲ್ಲಿಂಗ್ ಎಂ-ಐ-ಎನ್-ಇ, ಅದರ ಮುಂದೆ ಒಂದು ‘ಆರ್’ ಸೇರಿಸಿ, ಅಷ್ಟೇ. ಮೂರು ಕಿಲೋಮೀಟರ್‌ಗಿಂತ ಆಳದ ಚಾಂಪಿಯನ್ ರೀಫ್ಸ್‌ಗೆ ಇಳಿದು ಬಂದವರನ್ನ ಮೈನರ್ ಹುಡುಗ ಅಂದ್ರೆ ಸುಮ್ಮನಿರ್ತಾರಾ?

ಉಲ್ಟಾ ಕೇಸೂ ಇದೆ. ನಮಗೆ ಬಿಸಿ ಬೇರೆ, ಖಾರ ಬೇರೆ. ಇಂಗ್ಲಿಷಲ್ಲಿ ಎರಡಕ್ಕೂ ಹಾಟ್ ಅಂತಾರೆ. ಹೊರಗಿನ ಫ್ರೆಂಡ್ ಒಬ್ಬನಿಗೆ ಬಂಗಾರಪೇಟೆ ಪಾನಿಪುರಿ ಕೊಡಿಸಿ ‘ಕೇರ್‌ಫುಲ್, ವೆರಿ ಹಾಟ್’ ಅಂದೆ. ಅವನು ಪುರಿಯನ್ನ ಉಫ್ ಉಫ್ ಅಂತ ಊದಿ ಬಾಯಿಗೆ ಹಾಕ್ಕೊಂಡ. ಆಮೇಲೆ ಅವನ ಕಣ್ಣಲ್ಲಿ ನೀರು! ಸ್ಪೈಸಿ ಅನ್ನಬೇಕಿತ್ತು.

ನಿಮ್ಮನ್ನ ಯಾವ ಪದ ಸಿಕ್ಕಿಸಿ ಹಾಕಿದೆ? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ವಾರ ಸಿಗೋಣ.